ಇಡ್ಲಿಗೆ ‘ಅಟ್ರೋಶಿಯಸ್’ ಅಂದ ಮೇಲೆ ಮ್ಯಾನೇಜರಿಗೆ ಏನನ್ನುವುದು?

ಹೋಟೆಲ್ ಹೆಸರು ಹಾಕುವುದಿಲ್ಲ, ಕೇಳಬೇಡಿ. ಮುಂಬೈ ಪಕ್ಕದ ಠಾಣೆ ನಗರದಲ್ಲಿ ಹೊಸ ಟವರ್‌ಗಳು ಎದ್ದಿರುವ ಕಡೆ ಇದೆ. ಬಾಗಿಲಲ್ಲಿ ಪ್ಲಾಸ್ಟಿಕ್ ಬಾಳೆಗಿಡ, ಒಳಗೆ ಗೋಡೆ ಮೇಲೆ ಯಕ್ಷಗಾನದ ಮುಖ, ಅದರ ಕೆಳಗೆ ‘ಅಸಲಿ ಮಂಗಳೂರು ಉಡುಪಿ ರುಚಿ’ ಅಂತ ಬೋರ್ಡು. ಇಷ್ಟು ಹೇಳಿದರೆ ಮುಂಬೈಯವರಿಗೆ ಹತ್ತು ಹೋಟೆಲ್ ನೆನಪಾಗುತ್ತವೆ, ಆಗಲಿ. ನನ್ನ ಅರ್ಧ ಜಗಳ ಈ ಹೋಟೆಲ್ ಜೊತೆ, ಇನ್ನರ್ಧ ಒಂದು ಇಂಗ್ಲಿಷ್ ಪದದ ಜೊತೆ.

ಹೋದ ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಹೋಗಿದ್ದೆವು. ನಾನು, ಹೆಂಡತಿ, ತಂಗಿ, ತಂಗಿಯ ಮಗಳು. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಮುಲುಂಡಿನಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವುದಕ್ಕೆ ಬರುವುದಿಲ್ಲ. ಹಾಗಾಗಿಯೇ ಇದನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಡ್ಲಿ ದೋಸೆ ಬಗ್ಗೆ ಮಾತಾಡುವುದಕ್ಕೆ ನೀವು ಯಾರು ಅಂತ ಯಾರಾದರೂ ಕೇಳಿದರೆ ಉತ್ತರ ಇದೆ. 1979ರಲ್ಲಿ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಮುಂಬೈಗೆ ಬಂದಾಗ ನನಗೆ 14 ವರ್ಷ. ಕೊಂಕಣ ರೈಲು ಆಗ ಇನ್ನೂ ಇರಲಿಲ್ಲ, ಅದು ಪೂರ್ತಿಯಾದದ್ದು 1998ರಲ್ಲಿ. ದಕ್ಷಿಣ ಮುಂಬೈಯ ಫೋರ್ಟಿನ ಒಂದು ಹೋಟೆಲಿನಲ್ಲಿ ಮೊದಲು ಪಾತ್ರೆ ತೊಳೆಯುವ ಮೋರಿಯಲ್ಲಿ ಕೂತು ಕಪ್ಪು ಬಸಿ ತೊಳೆದೆ, ಆಮೇಲೆ ಟೇಬಲ್ ಒರೆಸಿದೆ, ಆಮೇಲೆ ಮಾಣಿಯಾಗಿ ಸಪ್ಲೈ ಮಾಡಿದೆ. ಸಂಜೆ ಕೆಲಸ ಬಿಟ್ಟು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದೆ. ಹೋಟೆಲ್ ಹುಡುಗರಿಗೆ ಅಂತಲೇ ನಮ್ಮವರು ನಡೆಸುತ್ತಿದ್ದ ಶಾಲೆಗಳು ಅವು, ಫೋರ್ಟಿನಲ್ಲಿ ಒಂದಲ್ಲ, ಹಲವು ಇದ್ದವು. ಅಂಗಿಗೆ ಸಾಂಬಾರಿನ ವಾಸನೆ ಇಟ್ಟುಕೊಂಡೇ ಇಂಗ್ಲಿಷ್ ವ್ಯಾಕರಣ ಕಲಿತವನು ನಾನು. ಎರಡೂ ಇನ್ನೂ ಹೋಗಿಲ್ಲ.

ಈಗ ತಿಂಡಿಗೆ ಬರೋಣ.

ಇಡ್ಲಿ ಬಂತು, ಪ್ಲೇಟಿಗೆ ಎರಡು, 110 ರೂಪಾಯಿ. ಬೆರಳು ಇಟ್ಟ ಕೂಡಲೇ ಗೊತ್ತಾಯಿತು. ಅಂಚು ಗಟ್ಟಿ, ನಡು ಒದ್ದೆ. ಹಿಂದಿನ ದಿನದ್ದನ್ನು ಫ್ರಿಜ್ಜಿನಿಂದ ತೆಗೆದು ಬಿಸಿ ಮಾಡಿ, ಮತ್ತೆ ಆರುವುದಕ್ಕೆ ಬಿಟ್ಟು, ಆಮೇಲೆ ತಂದದ್ದು. ಮುರಿದು ನೋಡಿದೆ. ರಾತ್ರಿಯೆಲ್ಲ ಉಬ್ಬಿದ ಹಿಟ್ಟಿನ ಇಡ್ಲಿಯಾದರೆ ಒಳಗೆ ಸಣ್ಣ ಸಣ್ಣ ತೂತು ಇರುತ್ತದೆ, ಮೂಗಿಗೆ ಒಂದು ಎಳೆ ಹುಳಿ ಬರುತ್ತದೆ. ಇದರಲ್ಲಿ ಎರಡೂ ಇಲ್ಲ. ಬಣ್ಣ ಸ್ವಲ್ಪ ಹಳದಿ, ನಾಲಿಗೆ ಹಿಂದೆ ಸಾಬೂನು ತಾಗಿದ ಹಾಗೆ. ಸೋಡಾ ಜಾಸ್ತಿ. ಹಿಟ್ಟಿಗೆ ಎಂಟು ಹತ್ತು ತಾಸು ಕೊಡುವ ಪುರುಸೊತ್ತು ಇಲ್ಲದವರು ಮಾಡುವ ಕೆಲಸ ಇದು. ಮುಂಬೈಯ ಸೆಕೆಗೆ ಹಿಟ್ಟು ಬೇಗ ಹುಳಿ ಬರುತ್ತದೆ, ಇಲ್ಲಿ ಸೋಡಾ ಸುರಿಯುವವನಿಗೆ ಸೋಮಾರಿ ಅನ್ನದೆ ಬೇರೆ ಹೆಸರಿಲ್ಲ.

ನೀರ್ ದೋಸೆ ಇದಕ್ಕಿಂತ ಬೇಜಾರು. ನೀರ್ ದೋಸೆ ಅಂದರೆ ಕಾವಲಿಯಿಂದ ಎಬ್ಬಿಸಿ, ಮಡಚಿ, ನೇರ ತಟ್ಟೆಗೆ. ಬೇರೆ ದಾರಿಯೇ ಇಲ್ಲ. ಇವರು ಬೆಳಿಗ್ಗೆಯೇ ಎರೆದು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದರು ಅನ್ನಿಸುತ್ತದೆ. ನಾಲ್ಕು ದೋಸೆ ಒಂದಕ್ಕೊಂದು ಅಂಟಿ, ಹಿಂಡದೆ ಬಿಟ್ಟ ಕರ್ಚೀಫಿನ ಹಾಗೆ ಕೂತಿತ್ತು. ಬಿಡಿಸುವುದಕ್ಕೆ ಹೋದರೆ ಹರಿಯುತ್ತದೆ. ನನ್ನ ಹೆಂಡತಿ ಅದನ್ನು ಹಾಗೇ ಕಡುಬಿನ ತರಹ ಕತ್ತರಿಸಿ ತಿಂದಳು, ಅವಳಿಗೆ ಅನ್ನ ಬಿಸಾಡಿ ಗೊತ್ತಿಲ್ಲ.

ಬನ್ಸ್ ಮುರಿದಾಗ ಒಳಗೆ ಟೊಳ್ಳು, ಜಾಲಿ ಇರಬೇಕು ಅಲ್ವಾ? ಇದು ಪಾವ್. ಬಾಳೆಹಣ್ಣಿನ ಸುದ್ದಿಯೇ ಇಲ್ಲ. ಸಾಂಬಾರು ಸಿಹಿ. ಅದಕ್ಕೆ ಮಾತ್ರ ಅವರನ್ನು ಬೈಯುವುದಿಲ್ಲ, ನಮ್ಮ ಉಡುಪಿ ಸಾಂಬಾರಿಗೆ ಮೊದಲಿನಿಂದಲೂ ಬೆಲ್ಲ ಉಂಟು, ಇಲ್ಲಿ ಬಂದು ಗಿರಾಕಿ ನೋಡಿಕೊಂಡು ಇನ್ನೊಂದು ಚೂರು ಜಾಸ್ತಿಯಾಯಿತು. ಚಟ್ನಿಯಲ್ಲಿ ತೆಂಗಿನಕಾಯಿಗಿಂತ ಹುರಿಗಡಲೆ ಹೆಚ್ಚು. ಮಸಾಲೆ ದೋಸೆ ಸುಮಾರು. ಕಾಫಿ ಫಸ್ಟ್ ಕ್ಲಾಸ್. ಇದನ್ನು ಹೇಳಲೇಬೇಕು. ಡಿಕಾಕ್ಷನ್ ತಾಜಾ, ಹಾಲು ಗಟ್ಟಿ, ಚಿಕೋರಿ ಹಿಡಿತದಲ್ಲಿತ್ತು. ಆ ಅಡಿಗೆಮನೆಯಲ್ಲಿ ಒಬ್ಬನಿಗೆ ಕೆಲಸ ಗೊತ್ತಿದೆ, ಅವನನ್ನು ಕಾಫಿಗೆ ಹಾಕಿದ್ದಾರೆ.

ಇಡ್ಲಿಯ ಎರಡನೇ ತುಂಡು ಬಾಯಿಗೆ ಹೋಗುವ ಮೊದಲೇ ತಂಗಿಯ ಮಗಳು ಫೋನ್ ತೆಗೆದು ರಿವ್ಯೂ ಬರೆಯುವುದಕ್ಕೆ ಶುರು ಮಾಡಿದ್ದಳು. ಪಕ್ಕದಲ್ಲೇ ಕೂತಿದ್ದೆ, ಇಣುಕಿದೆ. ‘ವೆರಿ ವೆರಿ ಅಟ್ರೋಶಿಯಸ್ ಇಡ್ಲೀಸ್’ ಅಂತ ಇತ್ತು, ಹಿಂದೆ ಮೂರು ಅಳುವ ಮುಖ.

‘ಅಟ್ರೋಶಿಯಸ್ ಅಂದರೆ ಏನು ಮಗಾ?’ ಅಂತ ಕೇಳಿದೆ.

‘ತುಂಬಾ ಬ್ಯಾಡ್ ಅಂತ ಮಾವ. ಬ್ಯಾಡ್ ಅಂತ ಹಾಕಿದ್ರೆ ಯಾರೂ ಓದಲ್ಲ.’

‘ಹಾಗಾದರೆ ವೆರಿ ಯಾಕೆ? ತುಂಬಾ ಅನ್ನುವುದು ಆ ಪದದ ಒಳಗೇ ಇದೆಯಲ್ಲ.’

ಅವಳು ನನ್ನನ್ನು ನೋಡಿದ ರೀತಿ ನೋಡಿದರೆ ಬಿಲ್ಲು ನಾನೇ ಕೊಡಬೇಕು ಅಂತ ಆಗಲೇ ತೀರ್ಮಾನ ಆದ ಹಾಗಿತ್ತು. ಆದರೆ ಮಾತು ಸರಿ. ಇಂಗ್ಲಿಷಿನಲ್ಲಿ ಕೆಲವು ಗುಣವಾಚಕಗಳು ಆಗಲೇ ತುದಿ ಮುಟ್ಟಿರುತ್ತವೆ, ಅವಕ್ಕೆ ‘ವೆರಿ’ ಹತ್ತುವುದಿಲ್ಲ. ‘ವೆರಿ ಬ್ಯಾಡ್’ ಸರಿ, ‘ವೆರಿ ಅಟ್ರೋಶಿಯಸ್’ ಅಂದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ. ಒತ್ತು ಬೇಕಾದರೆ ‘ಆಬ್ಸಲ್ಯೂಟ್ಲಿ ಅಟ್ರೋಶಿಯಸ್’ ಅನ್ನುತ್ತಾರೆ. ಹೇಳುವಾಗ ಒತ್ತು ನಡುವಿನ ‘ಟ್ರೋ’ ಮೇಲೆ ಬೀಳುತ್ತದೆ. ಇದೆಲ್ಲ ನನಗೆ ರಾತ್ರಿ ಶಾಲೆಯ ಮೇಷ್ಟ್ರು ಹೇಳಿಕೊಟ್ಟದ್ದು.

ಆ ಪದವನ್ನು ನಾನು ಮೊದಲು ಕೇಳಿದ್ದೂ ಅವರ ಬಾಯಲ್ಲೇ, ಒಂದು ಭಾಷಣದಲ್ಲಿ. 1741ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ವಿಲಿಯಂ ಪಿಟ್‌ಗೆ ಒಬ್ಬ ಹಿರಿಯ ಸದಸ್ಯ ನೀನು ಇನ್ನೂ ಹುಡುಗ ಅಂತ ಚುಚ್ಚಿದಾಗ, ಪಿಟ್ ಎದ್ದು ನಿಂತು ಚಿಕ್ಕ ಪ್ರಾಯದವನಾಗಿರುವ ‘ಅಟ್ರೋಶಿಯಸ್’ ಅಪರಾಧ ನನ್ನದು, ಅದನ್ನು ಹಗುರ ಮಾಡಿ ತೋರಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ ಅಂದನಂತೆ. ಆ ಮಾತುಗಳನ್ನು ಕಾಗದದ ಮೇಲೆ ಇಳಿಸಿದ್ದು ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್, ಹಾಗಾಗಿ ಅದರಲ್ಲಿ ಪಿಟ್ ಎಷ್ಟು ಜಾನ್ಸನ್ ಎಷ್ಟು ಅನ್ನುವುದು ಬೇರೆ ವಿಷಯ. ನಮಗೆ ಮಾತ್ರ ಅದು ಬಹಳ ಹಿಡಿಸಿತ್ತು. ಬೆಂಚಿನಲ್ಲಿ ಕೂತವರೆಲ್ಲ ಹದಿನಾಲ್ಕು ಹದಿನೈದರ ಹೋಟೆಲ್ ಹುಡುಗರು, ಬೆಳಿಗ್ಗೆಯಿಂದ ಅದೇ ಅಪರಾಧಕ್ಕೆ ಬೈಸಿಕೊಂಡು ಬಂದವರು.

ಪದದ ಬೇರು ಲ್ಯಾಟಿನಿನ ‘ಅಟ್ರೋಕ್ಸ್’. ಕ್ರೂರ, ಉಗ್ರ ಅಂತ ಅರ್ಥ. ಕಪ್ಪು ಅನ್ನುವ ‘ಆಟರ್’ ಪದದ ಜೊತೆ ಅದಕ್ಕೆ ಸಂಬಂಧ ಹೇಳುತ್ತಾರೆ, ಅಂದರೆ ನೋಡಿದರೇ ಮುಖ ಕಪ್ಪಿಡುವ ಕೆಲಸ. ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದಲ್ಲಿ, ಕೊಲೆ, ಹಿಂಸೆ, ಯುದ್ಧದ ಮಾತಿಗೆ. ‘ಸುಮ್ನೆ ತುಂಬಾ ಕೆಟ್ಟದ್ದು’ ಅನ್ನುವ ಸಡಿಲ ಅರ್ಥ ಸೇರಿದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಈಗ ಇಂಗ್ಲಿಷಿನವರು ಮಳೆಗೂ ಅಟ್ರೋಶಿಯಸ್ ಅನ್ನುತ್ತಾರೆ, ಕೈಬರಹಕ್ಕೂ, ಸ್ಪೆಲಿಂಗಿಗೂ, ಕಾರು ಓಡಿಸುವ ರೀತಿಗೂ. ಹಾಗಾಗಿ ಹುಡುಗಿ ಬರೆದದ್ದು ತಪ್ಪಲ್ಲ, ನಿಘಂಟು ಅವಳ ಪರವಾಗಿಯೇ ಇದೆ.

ನನ್ನ ಕಷ್ಟ ಬೇರೆ. ಆ ಪದದ ತಂಗಿ ‘ಅಟ್ರಾಸಿಟಿ’ ಮಹಾರಾಷ್ಟ್ರದಲ್ಲಿ ಮನೆಮಾತು. ಇಲ್ಲಿ ‘ಅಟ್ರಾಸಿಟಿ’ ಅಂದರೆ ರಿಕ್ಷಾದವರಿಗೂ ತರಕಾರಿಯವರಿಗೂ ಗೊತ್ತು, ಅದು 1989ರ ಕಾಯ್ದೆ, ಪರಿಶಿಷ್ಟ ಜಾತಿ ಪಂಗಡದವರ ಮೇಲೆ ನಡೆಯುವ ದೌರ್ಜನ್ಯ ತಡೆಯುವುದಕ್ಕೆ ಮಾಡಿದ್ದು. ಪೇಪರಿನಲ್ಲಿ ಆ ಪದ ಬಂದರೆ ಯಾರದೋ ಮೇಲೆ ಏನೋ ಘೋರ ನಡೆದಿದೆ ಅಂತಲೇ ಲೆಕ್ಕ. ಇಷ್ಟು ವರ್ಷ ಆ ಅರ್ಥದಲ್ಲಿ ಕೇಳಿದ ಕಿವಿಗೆ ‘ಅಟ್ರೋಶಿಯಸ್ ಇಡ್ಲಿ’ ಅಂದರೆ, ಇಡ್ಲಿ ಯಾರಿಗೋ ಚೂರಿ ಹಾಕಿತಾ ಅನ್ನಿಸುತ್ತದೆ.

ನಾವೇನೂ ಕಮ್ಮಿ ಇಲ್ಲ ಬಿಡಿ. ‘ಭಯಂಕರ’ ಪದಕ್ಕೆ ನಾವು ಮಾಡಿದ್ದು ಏನು? ಭಯ ಹುಟ್ಟಿಸುವಂಥದ್ದು ಅಂತ ಅರ್ಥ, ನಮ್ಮ ಕಡೆಯವರು ‘ಭಯಂಕರ ಲಾಯ್ಕ್ ಇತ್ತು’ ಅಂತ ಮದುವೆ ಊಟಕ್ಕೆ ಹೇಳುತ್ತಾರೆ. ಇಂಗ್ಲಿಷಿನ ‘ಟೆರಿಫಿಕ್’ ಕೂಡ ಹೆದರಿಕೆಯಿಂದ ಹೊರಟು ಹೊಗಳಿಕೆಗೆ ಬಂದು ಕೂತಿದೆ, ಅದರ ಅಣ್ಣ ‘ಟೆರಿಬಲ್’ ಬೈಗುಳದಲ್ಲೇ ಉಳಿದುಕೊಂಡ. ‘ಎಗ್ರೀಜಿಯಸ್’ ಕಥೆ ಉಲ್ಟಾ. ಹಿಂಡಿನಿಂದ ಎದ್ದು ಕಾಣುವವನು ಅಂತ ಮೊದಲು ಹೊಗಳಿಕೆಯಾಗಿತ್ತು, ಈಗ ಎದ್ದು ಕಾಣುವಷ್ಟು ಕೆಟ್ಟದ್ದಕ್ಕೆ ಮಾತ್ರ. ‘ಲೌಸಿ’ ಅನ್ನುವುದನ್ನು ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ, ಅದರ ಹುಟ್ಟು ಹೇನಿನಿಂದ. ಹೇನು ಹತ್ತಿದ್ದು ಅಂತ. ಅದು ಗೊತ್ತಾದ ಮೇಲೆ ನಮ್ಮ ಸಾಹೇಬರು ‘ಲೌಸಿ ಡ್ರಾಫ್ಟ್’ ಅಂದಾಗಲೆಲ್ಲ ನನಗೆ ತಲೆ ಕೆರೆಯುತ್ತಿತ್ತು.

ರಿವ್ಯೂ ಓದುವವನಿಗೆ ಇದರಿಂದ ಏನಾಗಬೇಕು ಅಂದರೆ, ಆಗಬೇಕಾದದ್ದು ಇದೆ. ‘ಅಟ್ರೋಶಿಯಸ್ ಇಡ್ಲಿ’ ಅಂದರೆ ನನಗೆ ಏನೂ ತಿಳಿಯುವುದಿಲ್ಲ. ಹಳಸಿತ್ತಾ? ಹಸಿಹಸಿ ಇತ್ತಾ? ಉಪ್ಪಿಲ್ಲದೆ ಸಪ್ಪೆಯಾ? ಅಕ್ಕಿ ಮುಗ್ಗಲಾ? ಎಣ್ಣೆ ಕಮಟಾ? ತಳ ಹಿಡಿದು ಸೀದಿತ್ತಾ? ಕನ್ನಡದಲ್ಲಿ ಅಡಿಗೆ ಕೆಡುವ ಒಂದೊಂದು ರೀತಿಗೂ ಒಂದೊಂದು ಪದ ಇದೆ, ಯಾಕಂದರೆ ಅಡಿಗೆಮನೆಯಲ್ಲಿ ಒಂದೊಂದಕ್ಕೂ ಮಾಡುವ ಮದ್ದು ಬೇರೆ. ಸಪ್ಪೆಯಾದರೆ ಉಪ್ಪು ಹಾಕಬಹುದು, ಹಳಸಿದರೆ ಚೆಲ್ಲಬೇಕು. ಹಳಸಿದ ಇಡ್ಲಿ ಕೊಟ್ಟ ಹೋಟೆಲಿಗೆ ನಾನು ಇನ್ನೊಂದು ಸಲ ಹೋಗುವುದಿಲ್ಲ, ತಣ್ಣಗಿನ ಇಡ್ಲಿ ಕೊಟ್ಟವನಿಗೆ ಬಿಸಿ ಮಾಡಿ ಕೊಡು ಮಾರಾಯ ಅನ್ನಬಹುದು. ಮುಂಬೈ ಹುಡುಗರಾದರೆ ‘ಏಕದಮ್ ಭಂಗಾರ್’ ಅಂತ ಮುಗಿಸುತ್ತಾರೆ, ಗುಜರಿ ಮಾಲು ಅಂತ, ಅದರಲ್ಲೂ ಒಂದು ಚಿತ್ರ ಆದರೂ ಇದೆ.

ಇಷ್ಟು ಭಾಷಣ ನಾನು ಟೇಬಲ್ಲಿನಲ್ಲಿ ಮಾಡಿರಲಿಲ್ಲ, ಅರ್ಧ ಮಾಡಿದ್ದೆ. ಅಷ್ಟರಲ್ಲಿ ಪಕ್ಕದ ಟೇಬಲ್ ಹತ್ತಿರ ಸದ್ದಾಯಿತು.

ಒಬ್ಬ ಹುಡುಗ, ಹದಿನೆಂಟು ತುಂಬಿರಬಹುದು, ತುಂಬದೆಯೂ ಇರಬಹುದು, ಟ್ರೇ ಹಿಡಿದು ಬರುತ್ತಿದ್ದ. ಯಾವುದೋ ಮಗು ಕುರ್ಚಿ ಹಿಂದೆ ತಳ್ಳಿತು. ಟ್ರೇ ವಾಲಿತು, ಸಾಂಬಾರಿನ ಪಿಂಗಾಣಿ ಬಟ್ಟಲು ಅವನ ಎಡಗೈ ಮೇಲೆ ಸುರಿದು ಕೆಳಗೆ ಬಿದ್ದು ಒಡೆಯಿತು. ನಮಗೆ ಬಂದ ಸಾಂಬಾರು ತಣ್ಣಗಿತ್ತು, ಅದು ಮಾತ್ರ ಕುದಿಯುತ್ತಿತ್ತು, ಹಬೆ ಏಳುವುದು ನಮಗೆ ಕಾಣುತ್ತಿತ್ತು. ಹುಡುಗ ಕೂಗಲಿಲ್ಲ. ಮಣಿಕಟ್ಟನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಿಂತ.

ಮ್ಯಾನೇಜರ್ ಗಲ್ಲಾದಿಂದ ಎದ್ದು ಬಂದ. ಕೈ ನೋಡಲಿಲ್ಲ. ಬಗ್ಗಿ ಬಟ್ಟಲಿನ ಚೂರು ನೋಡಿದ. ಎಷ್ಟು ಬಟ್ಟಲು ಈ ತಿಂಗಳು, ಸಂಬಳದಲ್ಲಿ ಹಿಡಿಯುತ್ತೇನೆ ಅಂತ ಹಿಂದಿಯಲ್ಲಿ ಶುರು ಮಾಡಿ, ಅಪ್ಪ ಅಮ್ಮನ ತನಕ ಹೋದ. ಆಮೇಲೆ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೆ ಎಸೆದು, ಈಗಲೇ ಒರೆಸು ಅಂದ. ಹುಡುಗ ಅದೇ ಕೈಯಲ್ಲಿ, ಆ ಬಿಸಿ ಸಾಂಬಾರಿನಲ್ಲಿ, ಮೊಣಕಾಲೂರಿ ಒರೆಸುವುದಕ್ಕೆ ಕೂತ. ಮೂವತ್ತು ಜನ ತಿನ್ನುತ್ತಿದ್ದರು. ಯಾರೂ ಏಳಲಿಲ್ಲ. ನಾನೂ ಏಳುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡೆ, ಅದನ್ನೂ ಬರೆಯಬೇಕು.

ಎದ್ದು ಹೋಗಿ ಹುಡುಗನನ್ನು ಕೈ ತೊಳೆಯುವ ಬೇಸಿನ್ನಿಗೆ ಕರೆದುಕೊಂಡು ಹೋಗಿ ನಲ್ಲಿ ಕೆಳಗೆ ಮಣಿಕಟ್ಟು ಹಿಡಿಸಿದೆ. ಚರ್ಮ ಎರಡು ಬೆರಳಗಲ ಕೆಂಪಾಗಿ ಎದ್ದಿತ್ತು. ಇಪ್ಪತ್ತು ನಿಮಿಷ ನೀರು ಬಿಡಬೇಕು, ಅವನು ಎರಡೇ ನಿಮಿಷಕ್ಕೆ ಕೈ ಎಳೆದುಕೊಂಡ. ‘ಕುಛ್ ನಹೀಂ ಹುವಾ ಅಂಕಲ್’ ಅಂದ, ಕಣ್ಣು ಮಾತ್ರ ಗಲ್ಲಾದ ಕಡೆ. ಊರು ಝಾರ್ಖಂಡ್ ಅಂತೆ. ಈಗ ನಮ್ಮೂರಿನಿಂದ ಹುಡುಗರು ಈ ಕೆಲಸಕ್ಕೆ ಬರುವುದು ಕಮ್ಮಿ.

ಮ್ಯಾನೇಜರ್ ಹಿಂದೆಯೇ ಬಂದ. ನನ್ನ ಕನ್ನಡ ಕೇಳಿದ್ದನೋ ಏನೋ, ಬೆಣ್ಣೆಯಂಥ ಕುಂದಾಪ್ರ ಕನ್ನಡದಲ್ಲಿ, ‘ನೀವ್ ಕೂಕಣಿ ಸರ್, ನಿಮ್ಗ್ಯಾಕೆ ಉಪದ್ರ, ಇವ್ರೆಲ್ಲ ಹೀಂಗೆಯೇ’ ಅಂದ. ಒಂದು ನಿಮಿಷದ ಹಿಂದೆ ಅದೇ ಬಾಯಿಂದ ಬಂದದ್ದು ಕಿವಿಯಲ್ಲಿ ಇನ್ನೂ ಇತ್ತು. ಬರ್ನಾಲ್ ಇದೆಯಾ ಅಂತ ಕೇಳಿದೆ. ಇಲ್ಲ. ಫಸ್ಟ್ ಏಡ್ ಡಬ್ಬ? ಇದೆ, ಬೀಗದ ಕೈ ಮಾಲೀಕರ ಹತ್ತಿರ.

ನಮ್ಮ ಕಾಲದ ಹೋಟೆಲು ಸ್ವರ್ಗವಾಗಿತ್ತು ಅಂತ ನಾನು ಹೇಳುತ್ತಿಲ್ಲ. ನಾನೂ ಪೆಟ್ಟು ತಿಂದಿದ್ದೇನೆ, ಒಡೆದ ಕಪ್ಪಿಗೆ ಸಂಬಳದಲ್ಲಿ ಹಿಡಿಸಿಕೊಂಡಿದ್ದೇನೆ. ಒಂದು ಸಲ ಬಿಸಿ ಎಣ್ಣೆ ತಾಗಿದಾಗ ಭಟ್ಟರು ಓಡಿ ಬಂದು ಕೈಗೆ ದೋಸೆ ಹಿಟ್ಟು ಮೆತ್ತಿದ್ದರು. ಅದು ತಪ್ಪು ಚಿಕಿತ್ಸೆ, ತಣ್ಣೀರೇ ಸರಿ. ಆದರೆ ಅವರು ಮೊದಲು ನೋಡಿದ್ದು ಕೈ.

ಬಿಲ್ಲು ಬಂತು. ಇಡ್ಲಿ ಎರಡು ಪ್ಲೇಟು, ನೀರ್ ದೋಸೆ ಎರಡು, ಬನ್ಸ್, ಮಸಾಲೆ ದೋಸೆ, ನಾಲ್ಕು ಕಾಫಿ, ಒಂದು ನೀರಿನ ಬಾಟಲಿ, ಒಟ್ಟು 1,180 ರೂಪಾಯಿ. ಅದರ ಮೇಲೆ ಶೇ. 10 ಸರ್ವಿಸ್ ಚಾರ್ಜ್ 118, ಅದೆಲ್ಲದರ ಮೇಲೆ ಶೇ. 5 ಜಿಎಸ್‌ಟಿ. ಸರ್ವಿಸ್ ಚಾರ್ಜ್ ತೆಗೆಯಿರಿ ಅಂದೆ. ಬಿಲ್ಲಿಗೆ ತಾನಾಗಿ ಅದನ್ನು ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿ ಹಿಡಿಯಿತು. ‘ಸಿಸ್ಟಮ್ಮಿನಲ್ಲಿ ಹಾಗೇ ಬರುತ್ತದೆ ಸರ್’ ಅಂದ. 1915ಕ್ಕೆ ಫೋನ್ ಮಾಡುತ್ತೇನೆ, ಅದು ಗ್ರಾಹಕರ ಸಹಾಯವಾಣಿ ಅಂದೆ. ಸಿಸ್ಟಮ್ಮು ತಕ್ಷಣ ಸರಿಯಾಯಿತು. ಆ 118 ರೂಪಾಯಿ, ಮೇಲೆ ಸ್ವಲ್ಪ ಸೇರಿಸಿ, ಹುಡುಗನ ಜೇಬಿಗೆ ಹಾಕಿದೆ. ಮ್ಯಾನೇಜರ್ ಆಮೇಲೆ ಅದನ್ನು ಕಿತ್ತುಕೊಂಡನೋ ಏನೋ, ಬಟ್ಟಲಿನ ಲೆಕ್ಕಕ್ಕೆ.

ವಾಪಸ್ ಹೋಗುವಾಗ ರಿಕ್ಷಾದಲ್ಲಿ ಹುಡುಗಿ ಹಾಕಿದ ರಿವ್ಯೂ ಓದಿ ತೋರಿಸಿದಳು. ಇಡ್ಲಿ ‘ಅಟ್ರೋಶಿಯಸ್’, ನೀರ್ ದೋಸೆ ‘ಡಿಸಾಸ್ಟರ್’, ಬನ್ಸ್ ‘ಪಥೆಟಿಕ್’. ಕೊನೆಯಲ್ಲಿ ಒಂದು ಸಾಲು: ‘ಮ್ಯಾನೇಜರ್ ವಾಸ್ ಅ ಬಿಟ್ ರೂಡ್ ಟು ದ ಸ್ಟಾಫ್.’

ಅ ಬಿಟ್ ರೂಡ್. ಸ್ವಲ್ಪ ಒರಟು.

ನಾನು ಏನೂ ಹೇಳಲಿಲ್ಲ, ನನ್ನ ಹೆಂಡತಿ ಹೇಳಿದಳು. ಅವಳು ಏಳನೇ ಕ್ಲಾಸಿನ ತನಕ ಓದಿದವಳು. ‘ಅಲ್ಲ ಮಗಾ, ಆ ದೊಡ್ಡ ಪದ ಇಡ್ಲಿಗೆ ಹಾಕಿ ಖರ್ಚು ಮಾಡಿಬಿಟ್ಟಿಯಲ್ಲ, ಆ ಮನುಷ್ಯನಿಗೆ ಏನು ಉಳಿಯಿತು?’ ಅಂದಳು. ಹುಡುಗಿ ಮಾನ್ಪಾಡಾ ಸಿಗ್ನಲ್ ತನಕ ಸುಮ್ಮನೆ ಕೂತಿದ್ದಳು. ಆಮೇಲೆ ಫೋನ್ ತೆಗೆದು ಬದಲಾಯಿಸಿದಳು. ‘ಇಡ್ಲಿ ಹಳೆಯದು, ತಣ್ಣಗಿತ್ತು, ಸೋಡಾ ಜಾಸ್ತಿ. ಹುಡುಗನ ಕೈ ಸುಟ್ಟಾಗ ಮ್ಯಾನೇಜರ್ ನಡೆದುಕೊಂಡ ರೀತಿ ಅಟ್ರೋಶಿಯಸ್’ ಅಂತ ಇಂಗ್ಲಿಷಿನಲ್ಲಿ ಹಾಕಿದಳು. ‘ವೆರಿ’ ಇರಲಿಲ್ಲ. ಮೇಷ್ಟ್ರು ಇದ್ದಿದ್ದರೆ ಪೂರ್ತಿ ಮಾರ್ಕು ಕೊಡುತ್ತಿದ್ದರು.

ಒಂದು ನಕ್ಷತ್ರ ಕೊಟ್ಟಿದ್ದೇವೆ, ಅದು ಕಾಫಿ ಮಾಡಿದವನಿಗೆ.

ಬುಧವಾರ ಹೋಟೆಲಿನವರ ಉತ್ತರ ಬಂತು. ಇಡ್ಲಿ ನಿಮ್ಮ ನಿರೀಕ್ಷೆಯ ಮಟ್ಟಕ್ಕೆ ಇರಲಿಲ್ಲ ಅಂತ ತಿಳಿದು ವಿಷಾದವಾಯಿತು, ಅಡಿಗೆಮನೆಗೆ ತಿಳಿಸಿದ್ದೇವೆ, ದಯವಿಟ್ಟು ಇನ್ನೊಮ್ಮೆ ಬನ್ನಿ, ಬಂದಾಗ ಒಂದು ಪ್ಲೇಟ್ ಬನ್ಸ್ ನಮ್ಮ ಕಡೆಯಿಂದ ಉಚಿತ.